ಅತ್ತೆಗೆ ಸೈಕಲ್ ಕಲಿಸಿದ್ದು

ದುಮ್ಮವಾಡ
೧೭ ನವೆಂಬರ್, ಸೋಮವಾರ

ಪ್ರೀತಿಯ ಚಿಗವ್ವಾ,

ಹೇಗಿದ್ದೀಯಾ? ಮಳೆಗಾಲದಿಂದ ಹಿಡಿದ ಕೆಮ್ಮು ಹೋಯಿತೇ? ಕಾಕಾ ಇನ್ನೂ ನಿನ್ನ ಕಣ್ಣು ತಪ್ಪಿಸಿ ಚಹಾಕ್ಕೆ ಸಕ್ಕರೆ ಸುರಿದುಕೊಳ್ಳುತ್ತಾರೆಯೇ? ಫೋನ್ ಇರುವಾಗ ಈ ಹುಡುಗಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀ, ಕಲಘಟಗಿಯ ನಿಮ್ಮ ಓಣಿಯೆಲ್ಲ ಕಿವಿಗೊಟ್ಟು ಕೂರುತ್ತದೆ. ಇದು ನೀನೊಬ್ಬಳೇ ಓದಬೇಕಾದ ಸುದ್ದಿ. ಇಂಗ್ಲಿಷ್ ಶಾಲೆಯವಳ ಕನ್ನಡ, ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನನ್ನನ್ನು ನೋಡಲು ಬಂದ ದಿನ ನೆನಪಿದೆಯಲ್ಲ? ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದೆ. ಅಡುಗೆ ಕೇಳಲಿಲ್ಲ, ಹಾಡು ಕೇಳಲಿಲ್ಲ, ಅತ್ತೆ ಕೇಳಿದ್ದು ಒಂದೇ ಮಾತು: "ಹುಡುಗಿಗೆ ಸೈಕಲ್ ಹೊಡ್ಯಾಕ ಬರ್ತೈತೇನ್ರಿ?" ನಾನು ಬಾಯಿ ತೆರೆಯುವ ಮೊದಲೇ ನೀನು, "ಬರ್ತೈತೇನು ಅಂತ ಕೇಳ್ತೀರಲ್ರಿ! ಗಾಳಿ ಹಂಗ ಹೋಗ್ತಾಳ್ರಿ ನಮ್ಮ ಐಶು!" ಎಂದುಬಿಟ್ಟೆ. ಹತ್ತನೇ ತರಗತಿಯವರೆಗೂ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು, ನಾನು ಸೈಕಲ್ಲಿನ ಬೆಲ್ ಕೂಡ ಬಾರಿಸಿದವಳಲ್ಲ ಎಂದು ನಿನಗೆ ಗೊತ್ತಿತ್ತು. ಆದರೆ ಅಷ್ಟರಲ್ಲಿ ನಾನು ಇವರ ಮುಖ ನೋಡಿಯಾಗಿತ್ತು (ಆಗಿನ್ನೂ ಇವರು ಬರೀ ಈರೇಶ!). ನಾನೂ ಸುಮ್ಮನಾದೆ.

ಅತ್ತೆ ಯಾಕೆ ಹಾಗೆ ಕೇಳಿದ್ದರು ಎಂದು ತಿಳಿದದ್ದು ಈಚೆಗೆ. ಒಂದು ಬೆಳಗ್ಗೆ ಮಾವ ಹೊಲಕ್ಕೆ ಹೊರಟದ್ದೇ ತಡ, ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಅಲ್ಲಿ ನನ್ನ ನಾದಿನಿಗೆ ಎಂಟನೇ ತರಗತಿಯಲ್ಲಿ ಸರಕಾರದವರು ಕೊಟ್ಟ ಸೈಕಲ್ ನಿಂತಿತ್ತು. "ಐಶು, ನನಗ ಇದನ್ನ ಕಲಸು. ಮಗಳನ್ನ ಕೇಳಿದ್ರ, ಈ ವಯಸ್ಸಿನ್ಯಾಗ ಬ್ಯಾಡ ಬೇ ಯವ್ವ, ಮಂದಿ ನಗ್ತಾರ ಅಂದ್ಳು. ಅದಕ್ಕ ಸೈಕಲ್ ಬರೂ ಸೊಸಿನ್ನ ಹುಡಿಕಿದೆ" ಎಂದರು. ಮದುವೆಯಾದಂದಿನಿಂದ ಮಾವ ಸೈಕಲ್ ಮೇಲೆ ಮುಂದೆ, ಅತ್ತೆ ಬುತ್ತಿ ಹೊತ್ತು ನಡೆದು ಹಿಂದೆ. ಹೊಲ ಮುಟ್ಟಿದ ಕೂಡಲೇ ಮಾವ ಕೇಳುವುದು, "ಯಾಕ ಇಷ್ಟ ತಡಾ?" ಎಂದು. "ಸಾಯೂದ್ರಾಗ ಒಮ್ಮೆ ನಾ ಮೊದಲ ಮುಟ್ಟಬೇಕು" ಎನ್ನುವಾಗ ಅತ್ತೆಯ ಕಣ್ಣು ಹೇಗೆ ಹೊಳೆಯುತ್ತಿತ್ತು ಗೊತ್ತೇ! ನನಗೆ ಬರುವುದಿಲ್ಲ ಎಂದರೆ ಆ ಆಸೆಯೂ ಹೋಗುತ್ತಿತ್ತು, ನಮ್ಮ ಮನೆತನದ ಮಾನವೂ ಹೋಗುತ್ತಿತ್ತು. "ಆತ್ರಿ ಅತ್ತಿ, ಕಲಸ್ತೀನಿ" ಎಂದೆ!

ರಾತ್ರಿ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಬೆಳಗ್ಗೆ ಪಂಡಿತೆಯ ಹಾಗೆ ಪಾಠ ಹೇಳುವುದು. ಅತ್ತೆ ಇಲಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೂರುತ್ತಿದ್ದರು, ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. "ಸೆಂಟರ್ ಆಫ್ ಗ್ರಾವಿಟಿ ನೋಡ್ಕೋರಿ ಅತ್ತಿ!" ಎಂದು ಕೂಗಿದರೆ, "ಅದು ಯಾವ ಕಡೆ ಐತಿ? ನನಗ ಬರೀ ಗಟಾರ ಕಾಣಸ್ತೈತಿ!" ಎನ್ನುತ್ತಿದ್ದರು. ಈಗ ರಸ್ತೆಯುದ್ದಕ್ಕೂ ಗೋವಿನಜೋಳ ಒಣಹಾಕಿದ್ದಾರೆ. ಒಂದು ದಿನ ಅತ್ತೆ ನೆಟ್ಟಗೆ ಹೋಗಿ ಪಕ್ಕದ ಮನೆಯ ಶಮೀಮಾಬಿಯವರ ರಾಶಿಯ ನಡುವೆ ಬಿದ್ದರು. ಕಾವಲು ಕೂತಿದ್ದ ಶಮೀಮಾಬಿ ಏಳಲೂ ಇಲ್ಲ. "ಯಾಕ ಮಹಾದೇವಕ್ಕ, ಎತ್ತು ಮಾರಿದ ಮ್ಯಾಲೆ ಸೈಕಲ್ಲಿಗೆ ಮೇವು ಹಾಕಾಕ ಹತ್ತೀಯೇನು?" ಎಂದರು. ಅತ್ತೆ ಬಿದ್ದಲ್ಲಿಂದಲೇ, "ನೋಡಕೋತ ಇರು, ನಾಳೆ ನಿನ್ನ ರಾಶಿ ಸುತ್ತ ಹಾಕಿ ಹೋಗ್ತೀನಿ" ಎಂದರು. ಹೇಳಿದಂತೆಯೇ ಆಯಿತು ಚಿಗವ್ವ! ಮರುದಿನ ನಾನು ಮೆಲ್ಲನೆ ಕೈ ಬಿಟ್ಟೆ, ಅತ್ತೆ ರಾಶಿಯನ್ನು ಬಳಸಿಕೊಂಡು ಹೋಗಿಯೇ ಬಿಟ್ಟರು. ಕುಪ್ಪಸದ ಬೆನ್ನು ಗಾಳಿಗೆ ಉಬ್ಬಿತ್ತು. ನಾನು ರಸ್ತೆಯ ಮೇಲೆ ಕುಣಿದೆ, ಶಮೀಮಾಬಿ ಸೆರಗು ಬೀಸಿದರು.

ತಿರುಗಿ ಬಂದು ಇಳಿದವರು ಸೈಕಲ್ ನನ್ನ ಕೈಗೆ ಕೊಟ್ಟು, "ಹತ್ತು. ಗಾಳಿ ಹಂಗ ಹೋಗೂದ ನೋಡೂಣು" ಎಂದರು. ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ನನಗ ತಿಳಿದಿಲ್ಲಂತ ಮಾಡೀಯೇನ ನಮ್ಮವ್ವ? ತಳ್ಳಕೋತ ಬರೂವಾಗ ಪೆಡಲ್ ದಿನಾ ನಿನ್ನ ಕಾಲಿಗೆ ಬಡೀತಿತ್ತು. ಹೊಡ್ಯಾಕ ಬರೋರಿಗೆ ಹಂಗ ಬಡೀತೈತೇನು?" ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದರೆ, "ಕೇಳಿದ್ರ ನೀ ಕಲಸೂದು ಬಿಟ್ಟು ಅಳಕೋತ ಕುಂಡ್ರತಿದ್ದಿ. ಆಮ್ಯಾಲೆ ನಾ ಯಾರ ಕೈಯಾಗ ಕಲೀಬೇಕಿತ್ತು?" ಎಂದರು. ಆವತ್ತೇ ನನ್ನನ್ನು ಹತ್ತಿಸಿದರು. ಅವರ ಪಾಠದಲ್ಲಿ ಗ್ರಾವಿಟಿ ಇಲ್ಲ, ಬರೀ ಬೈಗುಳ. ಮೊಣಕೈ ಎರಡೂ ತರಚಿವೆ, ಆದರೆ ನಾನೀಗ ಹೊಡೆಯುತ್ತೇನೆ! ಚಿಗವ್ವ, ನಿಜವಾಗಿ ಹೊಡೆಯುತ್ತೇನೆ! ಡಬಲ್ ಕೂಡ!

ನಿನ್ನೆ ಅತ್ತೆ ಬುಟ್ಟಿಯಲ್ಲಿ ಬುತ್ತಿ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಬೆಲ್ ಹೊಡೆದು ಮಾವನನ್ನೇ ಬದಿಗೆ ಸರಿಸಿದರು! ಮಾವ ಹೊಲಕ್ಕೆ ಬಂದಾಗ ಅತ್ತೆ ಬದುವಿನ ಮೇಲೆ ಕಾಲು ಚಾಚಿ ಕೂತು ಕೇಳಿದರು: "ಯಾಕ್ರಿ, ಇಷ್ಟ ತಡಾ?" ಮಾವ ಸೈಕಲ್ ಸುತ್ತ ಒಂದು ಸುತ್ತು ಬಂದು ಟೈರು ಒತ್ತಿ ನೋಡಿ, "ಹಿಂದಿನ ಗಾಲ್ಯಾಗ ಗಾಳಿ ಕಡಿಮಿ ಐತಿ, ಸಂಜೀಕ ಹಾಕ್ತೀನಿ" ಎಂದರು. ಮಾವನ ಬಾಯಲ್ಲಿ ಅದು ಶಹಬ್ಬಾಸ್ ಇದ್ದ ಹಾಗೆ ಎಂದು ಇವರು ಹೇಳಿದರು. ನನಗಂತೂ ಇಡೀ ಊರೇ ಚಪ್ಪಾಳೆ ಹೊಡೆದಂತಿತ್ತು.

ಕಾಕಾನಿಗೆ ನನ್ನ ನಮಸ್ಕಾರ, ನಿನಗೆ ಕೆನ್ನೆ ನೋಯುವಷ್ಟು ಮುತ್ತು. ಇವರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ,
ಐಶು

ತಾ.ಕ.: ಅಯ್ಯೋ, ಮುಖ್ಯವಾದದ್ದೇ ಉಳಿಯಿತು. ಬರುವ ಭಾನುವಾರ ನಾನೂ ಅತ್ತೆಯೂ ನಿನ್ನ ಮನೆಗೆ ಬರುತ್ತಿದ್ದೇವೆ, ಸೈಕಲ್ ಮೇಲೆಯೇ. "ಅಷ್ಟ ಧೈರ್ಯದಿಂದ ಸುಳ್ಳ ಹೇಳಿದಾಕಿ ಸೈಕಲ್ಲಿಗೆ ಹೆದರೂದಿಲ್ಲ ಬಿಡು, ಆಕಿಗೂ ಕಲಸೂಣು" ಎಂದು ಅತ್ತೆ ಹಟ ಹಿಡಿದಿದ್ದಾರೆ. ವಯಸ್ಸಾಯಿತು ಎನ್ನಬೇಡ, ನೀನು ಅವರಿಗಿಂತ ಚಿಕ್ಕವಳೆಂದು ನಾನೇ ಬಾಯಿಬಿಟ್ಟಿದ್ದೇನೆ. ಹಿಂದೆ ಹಿಡಿದುಕೊಂಡು ಓಡುವವಳು ನಾನು. ಕೈ ಬಿಡುವುದಿಲ್ಲ ಎಂದು ಆಣೆ ಮಾಡುತ್ತೇನೆ, ನಂಬಬೇಡ.