ಯಾರಿಗೂ ಬೇಡವಾದ ಖಣ

ಸೊಲ್ಲಾಪುರ
೫ ಡಿಸೆಂಬರ್, ಗುರುವಾರ

ಪ್ರೀತಿಯ ಅಹೋ,

ಇವತ್ತು ಸಿಟ್ಟಿಗೆ ನಿಮ್ಮ ಹೆಸರು ಹಿಡಿದೇ ಬರೆಯಬೇಕೆಂದು ಪೆನ್ನು ಎತ್ತಿಕೊಂಡಿದ್ದೆ. ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿರುವ ಅತ್ತೆ ಇಣುಕಿ ನೋಡಿ "ಗಂಡನ ಹೆಸರ ಹಿಂಗ ಬರೀತಾರೇನ ಹುಚ್ಚಿ?" ಎಂದರು. ಅದಕ್ಕೆ ಈ ಊರಿನ ಹೆಂಡಂದಿರೆಲ್ಲ ಕರೆಯುವ ಹಾಗೆ ಅಹೋ. ಆದರೆ ಮನಸ್ಸಿನಲ್ಲಿ ಗುರುಶಾಂತ, ಗುರುಶಾಂತ, ಗುರುಶಾಂತ ಎಂದು ಮೂರು ಸಲ ಕೂಗಿದ್ದೇನೆ, ಅದೂ ಏಕವಚನದಲ್ಲಿ.

ಮೊದಲು ಆರೋಗ್ಯ ಕೇಳಬೇಕು, ಆಮೇಲೆ ಬೈಯಬೇಕು. ನಾಗಪುರದಲ್ಲಿ ಚಳಿ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ನಾನು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಉಳಿದಿದೆಯೋ ಅಥವಾ ನಿಮ್ಮ ಮೂವರು ಸಂಗಾತಿಗಳು ಮೊದಲ ದಿನವೇ ಮುಗಿಸಿದರೋ? ಪ್ರದರ್ಶನದಲ್ಲಿ ನಿಮ್ಮ ಕಾರ್ಖಾನೆಯ ಚಾದರುಗಳು ಚೆನ್ನಾಗಿ ಹೋಗುತ್ತಿವೆ ಎಂದು ಅತ್ತೆ ಹೇಳಿದರು. ಸಂತೋಷ. ಇಡೀ ದಿನ ನಿಂತುಕೊಂಡೇ ಇರಬೇಡಿ, ಕಾಲು ಊದಿಕೊಳ್ಳುತ್ತವೆ. ನಾನು ಚೆನ್ನಾಗಿದ್ದೇನೆ. ಅತ್ತೆಯ ಉಸಿರು ಮೆಟ್ಟಿಲು ಹತ್ತುವಾಗ ಮಾತ್ರ ಕಟ್ಟುತ್ತದೆ, ಗುಳಿಗೆ ತಪ್ಪಿಸಿಲ್ಲ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು.

ಮೂರು ದಿನದಿಂದ ನಿಮ್ಮ ಫೋನಿಗೆ ನಾನು ಯಾಕೆ ಬರುತ್ತಿಲ್ಲ ಎಂದು ಕೇಳುತ್ತಿದ್ದೀರಂತೆ. ನೀವು ನಾಲ್ಕು ಜನ ಒಂದೇ ಖೋಲಿಯಲ್ಲಿದ್ದೀರಿ, ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಾನು ಅಳುವುದನ್ನು ಮೂರು ಜನ ಪರಗಂಡಸರು ಕೇಳುವುದು ನನಗೆ ಬೇಡ. ಎರಡನೆಯ ಲಾಟಿನ ಟವೆಲ್ಲು ತುಂಬಿಕೊಂಡು ಭೀಮಣ್ಣ ಕಾಕಾ ಇವತ್ತು ಲಾರಿ ಹೊರಡಿಸುತ್ತಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ. ನನ್ನ ಕನ್ನಡ ಅಂಗಡಿಯ ಬೋರ್ಡು ಓದಲಿಕ್ಕೆ ಮಾತ್ರ ಸಾಕು ಎಂದು ನಗುತ್ತಿದ್ದಿರಿ. ಜಗಳಕ್ಕೂ ಸಾಕಾಗುತ್ತದೆ, ಓದಿ ನೋಡಿ. ನಡುವೆ ಹಾಳೆ ಹಾರಿಸಬೇಡಿ. ವಿಮೆಯ ಕಂತು ಏನಾಯಿತು ಎಂದು ನೋಡಲು ಕೊನೆಯ ಹಾಳೆಗೆ ಓಡುತ್ತೀರಿ ಎಂದು ನನಗೆ ಗೊತ್ತು. ಓಡಬೇಡಿ. ಮೂರು ದಿನ ನಾನು ಹೇಗಿದ್ದೆನೋ ಹಾಗೆ ನೀವೂ ಒಂದಿಷ್ಟು ಹೊತ್ತು ಇರಿ.

ಸೋಮವಾರ ಮಧ್ಯಾಹ್ನ ವಿಮೆಯ ಏಜೆಂಟ್ ಅಮೋಗಸಿದ್ಧ ಕಾಕಾ ಬಂದರು. ಕಂತಿನ ತಾರೀಖು ಹೋದ ತಿಂಗಳ ನಾಲ್ಕಕ್ಕೇ ಮುಗಿದಿದೆ, ಮೇಲಿನ ಮೂವತ್ತು ದಿನದ ಸವಲತ್ತು ಬುಧವಾರಕ್ಕೆ ಮುಗಿಯುತ್ತದೆ ಎಂದರು. ನನಗೆ ಇದು ಹೊಸ ಸುದ್ದಿ! ಕಾಕಾ ಚಹಾ ಕುಡಿಯುತ್ತ ಬಿಡಿಸಿ ಹೇಳಿದರು: ಅತ್ತೆಯ ಹೃದಯದ ರೋಗಕ್ಕೆ ವಿಮೆ ಸಿಗಲು ಮೂರು ವರ್ಷ ಕಾಯಬೇಕಿತ್ತು, ಆ ಮೂರು ವರ್ಷ ಈಗಷ್ಟೇ ಮುಗಿದಿದೆ, ಬುಧವಾರ ಹಣ ಕಟ್ಟದಿದ್ದರೆ ಪಾಲಿಸಿ ಮುರಿಯುತ್ತದೆ, ಮತ್ತೆ ಮೊದಲಿನಿಂದ ಕಾಯಬೇಕು. ಜನವರಿಯಲ್ಲಿ ಡಾಕ್ಟರು ಅತ್ತೆಗೆ ಎಂಜಿಯೋಗ್ರಫಿಗೆ ದಿನ ಕೊಟ್ಟಿದ್ದಾರೆ. ನಾನು ಎದ್ದು ಕ್ಯಾಲೆಂಡರ್ ನೋಡಿದೆ, ಬುಧವಾರಕ್ಕೆ ಎರಡೇ ದಿನ. ಅತ್ತೆ ಮಾತ್ರ ನಿಶ್ಚಿಂತೆಯಿಂದ "ರೊಕ್ಕ ತಯಾರ ಅದಾವ್ರಿ" ಎಂದು ಎದ್ದು ಒಳಗೆ ಹೋಗಿ ಟ್ರಂಕು ತೆಗೆದರು. ಒಂದೊಂದೇ ಕುಪ್ಪಸದ ಖಣ ತೆಗೆದು ಮಂಚದ ಮೇಲೆ ಇಟ್ಟರು. ಮತ್ತೆ ಒಂದೊಂದೇ ಒಳಗಿಟ್ಟರು. ಮತ್ತೆ ತೆಗೆದರು. "ಶುಭಾ, ಇದರಾಗ ಒಂದು ಸಾಸಿವಿ ಬಣ್ಣದ್ದ ಖಣ ಇತ್ತಲ್ಲ?"

ಇತ್ತು. ನಮ್ಮ ಮದುವೆಯಲ್ಲಿ ಬಂದ ನಲವತ್ತೊಂದು ಖಣಗಳಲ್ಲಿ ಅಷ್ಟು ಕೆಟ್ಟ ಬಣ್ಣದ್ದು ಇನ್ನೊಂದು ಇರಲಿಲ್ಲ. ಸಾಸಿವೆ ಎಂದು ಅತ್ತೆ ಮರ್ಯಾದೆಗೆ ಹೇಳಿದರು, ಅದು ಕೂಸಿನ ಹೊಟ್ಟೆ ಕೆಟ್ಟಾಗಿನ ಬಣ್ಣ. ನೀವು ನಾಗಪುರಕ್ಕೆ ಹೋದ ವಾರಕ್ಕೆ ಬೋರಾಮಣಿಯಿಂದ ನಿಮ್ಮ ಸೋದರತ್ತೆ ತುಳಜಾಬಾಯಿ ಬಂದಿದ್ದರು. ಅತ್ತೆ ಗುಡಿಗೆ ಹೋಗಿದ್ದರು, ಅವರಿಗೆ ನಾಲ್ಕರ ಬಸ್ಸಿಗೆ ಅವಸರ. ಮುತ್ತೈದೆಯನ್ನು ಬರೀ ಉಡಿಯಲ್ಲಿ ಕಳಿಸಬಾರದು ಎಂದು ಅತ್ತೆಯೇ ನನಗೆ ನೂರು ಸಲ ಹೇಳಿದ್ದಾರೆ. ಟ್ರಂಕು ತೆಗೆದೆ, ಅಕ್ಕಿ, ತೆಂಗಿನಕಾಯಿ, ಮೇಲೆ ಒಂದು ಖಣ ಇಟ್ಟು ಉಡಿ ತುಂಬಿದೆ. ಯಾವ ಖಣ? ಯಾವುದು ನಮಗೆ ಬೇಡವೋ ಅದು! ಉಡಿಯ ಖಣವನ್ನು ಯಾರೂ ಹೊಲಿಸುವುದಿಲ್ಲ, ಬಂದದ್ದನ್ನು ಬಿಚ್ಚದೆ ಇನ್ನೊಬ್ಬರಿಗೆ ಕೊಡುತ್ತಾರೆ, ಕೆಟ್ಟ ಬಣ್ಣದ್ದನ್ನು ಎಲ್ಲಕ್ಕಿಂತ ಮೊದಲು ದಾಟಿಸುತ್ತಾರೆ. ಇಷ್ಟು ನನಗೆ, ನಿನ್ನೆ ಮೊನ್ನೆ ಬಂದ ಸೊಸೆಗೆ, ಗೊತ್ತು. ಈ ಮನೆಯಲ್ಲೇ ಹುಟ್ಟಿ ಬೆಳೆದ ಮಗನಿಗೆ ಗೊತ್ತಿಲ್ಲವೇ? ಯಾರಿಗೂ ಬೇಡವಾದ ಬಣ್ಣ, ಇದನ್ನು ಯಾರೂ ಮುಟ್ಟುವುದಿಲ್ಲ ಎಂದು ಅದರ ಮಡಿಕೆಯೊಳಗಿನ ರಟ್ಟಿನ ಹಿಂದೆ ಹತ್ತೊಂಬತ್ತು ಸಾವಿರದ ಇನ್ನೂರು ರೂಪಾಯಿ ಸೇರಿಸಿ ಮತ್ತೆ ಪಿನ್ನು ಹಾಕಿ ಇಟ್ಟಿರಿ. ಎಂಥ ಬುದ್ಧಿ! ಕಳ್ಳರು ಖಣ ಬಿಚ್ಚುವುದಿಲ್ಲ, ನಿಜ. ಹೆಂಗಸರೂ ಬಿಚ್ಚುವುದಿಲ್ಲ. ಅದೇ ಆಯಿತು.

ತಪ್ಪು ಯಾರಿಂದಲೂ ಆಗುತ್ತದೆ, ನಾನು ಅದಕ್ಕೆ ಸಿಟ್ಟಾಗಿಲ್ಲ. ಸಿಟ್ಟು ಬಂದದ್ದು ಆಮೇಲೆ. ಅತ್ತೆ ಅಳುತ್ತ ನಿಮಗೆ ಫೋನ್ ಮಾಡಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ನಿಮ್ಮ ಮೊದಲ ಮಾತು ಏನು? "ಅಕಿ ಕೈಯಾಗ ಟ್ರಂಕಿನ ಕೀಲಿ ಯಾಕ ಕೊಟ್ಟಿ ಅವ್ವಾ? ಅಕಿ ಕೈ ಸಡ್ಲ ಐತಿ, ಅಕಿಗಿ ಏನೂ ಹೇಳಬ್ಯಾಡ ಅಂತ ಹೇಳಿದ್ದಿಲ್ಲೇನು?" ನಾಲ್ಕು ತಿಂಗಳ ಹೆಂಡತಿಯ ಬಗ್ಗೆ, ಸ್ಪೀಕರಿನಲ್ಲಿ! ಮೊದಲ ತಿಂಗಳು ನವೀ ಪೇಠೆಯಲ್ಲಿ ಸಾವಿರದ ನೂರು ಕೊಟ್ಟು ಪರದೆ ತಂದೆ, ಹೌದು. ಆ ಪರದೆಯನ್ನು ಹೊಗಳುತ್ತ ನೀವು ಏನೇನು ಹೇಳಿದಿರಿ ಎಂದು ಅತ್ತೆ ಪಕ್ಕದಲ್ಲಿರುವುದರಿಂದ ಬರೆಯುವುದಿಲ್ಲ. ಅದೊಂದು ಬಿಟ್ಟು ಯಾವತ್ತು ನನ್ನ ಕೈ ಸಡಿಲವಾಗಿತ್ತು? ನೀವು ಹೋಗುವಾಗ ದಿನಕ್ಕೆ ಇನ್ನೂರರಂತೆ ದೇವರ ಮಾಡದಲ್ಲಿ ಎಣಿಸಿಟ್ಟ ಹಣದಲ್ಲಿ ಹಾಲು, ಗ್ಯಾಸು, ಅತ್ತೆಯ ಗುಳಿಗೆ, ಬಂದುಹೋದವರ ಚಹಾ ಎಲ್ಲ ಮುಗಿಸಿ ಇವತ್ತಿಗೆ ಆರುನೂರ ನಲವತ್ತು ಉಳಿಸಿದ್ದೇನೆ. ಪಗಾರಕ್ಕೆ ಇನ್ನೂ ಎರಡು ದಿನ ಇದೆ. ಸಡಿಲ ಕೈ ಹೀಗಿರುತ್ತದೆಯೇ?

ಸೋಮವಾರ ಸಂಜೆಯೇ ತುಳಜಾಬಾಯಿಯವರಿಗೆ ಫೋನ್ ಮಾಡಿದೆ. ಅವರು ನಕ್ಕೇ ನಕ್ಕರು. "ಆ ಹಳದಿ ಖಣಾ? ಅದನ್ನ ಮನ್ಯಾಗ ಯಾರು ಇಟಗೋತಾರವ್ವ! ಅಕ್ಕಲಕೋಟದ ಕಲ್ಯಾಣಮ್ಮ ಬಂದಿದ್ಳು, ಅಕಿ ಉಡ್ಯಾಗ ಹಾಕಿದೆ." ಮಂಗಳವಾರ ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದೆ. ಸ್ವಾಮಿ ಸಮರ್ಥರ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಹುಡುಕಲು ಒಂದು ಗಂಟೆ ಬೇಕಾಯಿತು. ಕಲ್ಯಾಣಮ್ಮ ಎಷ್ಟು ಪ್ರೀತಿ ಮಾಡಿದರೆಂದರೆ ನನಗೆ ವಿಷಯ ಹೇಳಲಿಕ್ಕೇ ಬಾಯಿ ಬರಲಿಲ್ಲ. ಹೇಳಿದ ಮೇಲೆ ಹಣೆ ಬಡಿದುಕೊಂಡರು. ಆ ಖಣ ನಾಗಣಸೂರಿನ ರೇವಮ್ಮನಿಗೆ ಹೋಗಿತ್ತು. ನಾನು ಎದ್ದೆ. "ಹೊಸಾ ಸೊಸಿ ಮೊದಲನೇ ಸಲ ಬಂದಿ, ಬರೀ ಉಡಿಲೆ ಹೋಗತಿ?" ಎಂದು ಕೂರಿಸಿ ನನ್ನ ಉಡಿ ತುಂಬಿದರು. ಅಕ್ಕಿ, ತೆಂಗಿನಕಾಯಿ, ಒಂದು ಖಣ! ಅಷ್ಟರಲ್ಲಿ ಸುದ್ದಿ ಕೇಳಿ ಪಕ್ಕದ ಮನೆಯ ಗಿರಿಜಾಬಾಯಿ ಬಂದರು, ಅವರೂ ತುಂಬಿದರು. ಟಂಟಂ ಆಟೋದಲ್ಲಿ ಕುಳಿತು ನಾಗಣಸೂರಿಗೆ ಹೋಗುವಾಗ ನಾಚಿಕೆ ಬಿಟ್ಟು ಎರಡೂ ಖಣ ಬಿಚ್ಚಿ ಒದರಿ ನೋಡಿದೆ. ಒಂದರಿಂದ ಒಣಗಿದ ಎಲೆಯಡಿಕೆಯ ತುಣುಕು ಬಿತ್ತು, ಎದುರಿನ ಅಜ್ಜ ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ.

ರೇವಮ್ಮ ಹೊಲದಿಂದ ಬರುವ ತನಕ ಕಟ್ಟೆಯ ಮೇಲೆ ಕಾದೆ. ಆಕೆ ನನ್ನ ಮಾತು ಪೂರ್ತಿ ಕೇಳಿ, ಕೈಯ ಮಣ್ಣು ತೊಳೆದುಕೊಂಡು, ನಿಧಾನಕ್ಕೆ ಹೇಳಿದರು: "ತಂಗೀ, ಅದನ್ನ ಹೋದ ಶುಕ್ರವಾರ ದೇವಿ ಉಡಿಗಿ ಹಾಕಿ ಬಂದೀನಿ. ಅಲ್ಲಿ ಖಣದ ರಾಶೀನ ಬೀಳತೈತಿ, ಪ್ಯಾಟಿ ಅಂಗಡಿಯವರು ಚೀಲದ ಲೆಕ್ಕದಾಗ ಕೊಂಡು ಒಯ್ತಾರ. ಎಲ್ಲಿ ಅಂತ ಹುಡುಕತಿ?" ನಾನು ಅಲ್ಲೇ ಅತ್ತುಬಿಟ್ಟೆ. ಆಕೆ ಗಾಬರಿಯಾಗಿ ಹಾಲು ಕಾಯಿಸಿ ಕೊಟ್ಟರು, "ದೇವಿ ತಗೊಂಡಾಳ, ದೇವೀನ ಕೊಡತಾಳ ಬಿಡು" ಎಂದರು, ಹೊರಡುವಾಗ ಉಡಿಯನ್ನೂ ತುಂಬಿದರು. ಮಂಗಳವಾರ ಸಂಜೆ ನಾನು ಮೂರು ಖಣ, ಮೂರು ತೆಂಗಿನಕಾಯಿ, ಎರಡು ಸೇರು ಅಕ್ಕಿಯೊಂದಿಗೆ ಸೊಲ್ಲಾಪುರದಲ್ಲಿ ಇಳಿದೆ. ನೀವು ಅದೇ ಹೊತ್ತಿಗೆ ಅತ್ತೆಗೆ ಫೋನ್ ಮಾಡಿ, ಸಾವಕಾರರು ಪ್ರದರ್ಶನ ಮುಗಿಯುವ ತನಕ ಉಚಲ ಕೊಡುವುದಿಲ್ಲ, ಒಂದು ಪೈಸೆಯೂ ಮುಂಗಡವಾಗಿ ಸಿಗುವುದಿಲ್ಲ ಎಂದು ಹೇಳಿ ಇಟ್ಟಿದ್ದಿರಿ. ಅತ್ತೆ ನನ್ನನ್ನು ನೋಡಿ "ನನಗೇನು ಆಗೂದಿಲ್ಲ ಬಿಡ ಶುಭಾ, ಇನ್ನ ಮೂರು ವರ್ಷ ಕಾದರಾತು" ಎಂದರು. ಎಂಜಿಯೋಗ್ರಫಿಗೆ ದಿನ ಕೊಟ್ಟ ಡಾಕ್ಟರ ಮುಂದೆ ಆ ಮಾತನ್ನು ಹೇಳಲು ನಿಮಗೆ ಧೈರ್ಯವಿದೆಯೇ?

ಬ್ಯಾಂಕು ಕಂಡರೆ ನಿಮಗೆ ಭಯ ಎಂದು ನನಗೆ ಗೊತ್ತು. ಮಾವನವರು ಠೇವಣಿ ಇಟ್ಟ ದುಡಿಮೆಯೆಲ್ಲ ಆ ಪತಸಂಸ್ಥೆ ಎಂಬ ಸಹಕಾರಿ ಸೊಸೈಟಿಯಲ್ಲಿ ಮುಳುಗಿದ್ದನ್ನು ಮದುವೆಯಾದ ಎರಡನೆಯ ದಿನವೇ ನನಗೆ ಹೇಳಿದ್ದಿರಿ. ಅವರು ಆ ಸಂಸ್ಥೆಯ ಬಾಗಿಲ ಮುಂದೆ ಮೂರು ತಿಂಗಳು ಹೋಗಿ ಕುಳಿತುಕೊಳ್ಳುತ್ತಿದ್ದರು ಎಂದು ಹೇಳುವಾಗ ನಾನು ನಿಮ್ಮ ಕೈ ಹಿಡಿದುಕೊಂಡಿದ್ದೆ. ಅದಕ್ಕೇ ಪಗಾರ ಬಿದ್ದ ದಿನವೇ ಎಲ್ಲವನ್ನೂ ತೆಗೆದು ಮನೆಗೆ ತರುತ್ತೀರಿ. ಆದರೆ ಆ ಹಣ ಮನೆಯಲ್ಲಿದೆ ಎಂದು ಮನೆಯವಳಿಗೇ ಗೊತ್ತಿಲ್ಲದಿದ್ದರೆ ಅದು ಮನೆಯಲ್ಲಿ ಇದ್ದಂತೆ ಹೇಗಾಯಿತು? ನನ್ನಿಂದ ಕಾಪಾಡಲು ಹೋಗಿ ಕಳೆದಿರಿ, ಗುರುಶಾಂತ. ನೋಡಿ, ಹೆಸರು ಬಂದೇ ಬಿಟ್ಟಿತು. ಅತ್ತೆ ಅಡುಗೆಮನೆಗೆ ಹೋಗಿದ್ದಾರೆ.

ನೀವು ಬಂದ ಮೇಲೆ ಹೀಗೆ ನಡೆಯುವುದಿಲ್ಲ. ಪಗಾರ ಬಿದ್ದ ಮರುದಿನವೇ ವಿಮೆಯ ಪಾಲು ಬೇರೆ ಖಾತೆಗೆ ಹೋಗಬೇಕು, ಅದು ಇಬ್ಬರ ಹೆಸರಿನ ಖಾತೆಯಾಗಬೇಕು, ಕಂತು ತಾನಾಗಿಯೇ ಅಲ್ಲಿಂದ ಕಟ್ಟಿ ಹೋಗಬೇಕು. ಅಮೋಗಸಿದ್ಧ ಕಾಕಾ ಒಳ್ಳೆಯವರೇ, ಆದರೂ ರಸೀದಿಯಿಲ್ಲದೆ ಯಾರ ಕೈಗೂ ನೋಟು ಕೊಡುವುದು ಬೇಡ. ಆಸ್ಪತ್ರೆಗೆ ಓಡಬೇಕಾದರೆ ಬೇಕಾಗುವಷ್ಟು ನಗದು ಮನೆಯಲ್ಲಿರಲಿ, ಎಲ್ಲಿದೆ ಎಂದು ಮೂವರಿಗೂ ಗೊತ್ತಿರಲಿ. ಇದರಲ್ಲಿ ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಮಫ್ಲರ್ ಸುತ್ತಿಕೊಳ್ಳಲು ಹೇಳಿದ್ದಾರೆ. ಕಂತಿನ ವಿಷಯ ಅವರ ಬಾಯಿಂದ ಹೊರಡಿಸಲು ನೋಡಬೇಡಿ, ನಿಮಗೆ ಮಾತು ಕೊಟ್ಟು ಮುಚ್ಚಿಟ್ಟ ಹಾಗೆ ನನಗೂ ಮಾತು ಕೊಟ್ಟಿದ್ದಾರೆ. ಸಂಗಾತಿಗಳಿಗೆ ನಮಸ್ಕಾರ, ಈ ಪತ್ರವನ್ನು ಅವರ ಮುಂದೆ ಗಟ್ಟಿಯಾಗಿ ಓದಿದರೆ ಮಾತ್ರ ನಮಸ್ಕಾರ ವಾಪಸ್ಸು.

ಇಷ್ಟು ಸಿಟ್ಟಿದ್ದರೂ ರಾತ್ರಿ ನಿಮ್ಮ ದಿಂಬನ್ನೇ ಹಾಕಿಕೊಂಡು ಮಲಗುವ,
ಶುಭಾಂಗಿ

ತಾಜಾ ಕಲಂ: ಭೀಮಣ್ಣ ಕಾಕಾ ಬಾಗಿಲಲ್ಲಿ ನಿಂತು "ಮುಗೀತೇನವ್ವ ಪುರಾಣ?" ಎನ್ನುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕಂತು ಕಟ್ಟಿದೆ. ಬುಧವಾರ ಮೂರೂವರೆಗೆ ನಾನೇ ವಿಮೆ ಆಫೀಸಿಗೆ ಹೋಗಿ ಕಟ್ಟಿದೆ, ರಸೀದಿ ಅತ್ತೆಯ ಡಾಕ್ಟರ ಫೈಲಿನಲ್ಲಿದೆ, ಪಾಲಿಸಿ ಮುರಿದಿಲ್ಲ. ಹಣ ನನ್ನದು. ಮದುವೆಗೆ ಮುಂಚೆ ಎರಡು ವರ್ಷ ಬಾಲವಾಡಿಯಲ್ಲಿ ಕಲಿಸಿದ ಪಗಾರ ನನ್ನ ಹೆಸರಿನ ಖಾತೆಯಲ್ಲಿತ್ತು. "ಗಂಡಗ ಎಲ್ಲಾ ಹೇಳು, ಇದೊಂದು ಹೇಳಬ್ಯಾಡ" ಎಂದು ಅವ್ವ ಹೇಳಿ ಕಳಿಸಿದ್ದಳು, ನಾಲ್ಕು ತಿಂಗಳು ನಾನೂ ಹೇಳಲಿಲ್ಲ. ನಿಮಗೆ ಸಿಟ್ಟು ಬಂದರೆ ಬರಲಿ, ನ್ಯಾಯವೇ. ಈಗ ಅದರಲ್ಲಿ ಉಳಿದದ್ದು ನಾನೂರ ಹತ್ತು ರೂಪಾಯಿ. ಹಣ ಎಲ್ಲಿಂದ ಬಂತು ಎಂದು ಅತ್ತೆ ಎರಡು ಸಲ ಕೇಳಿದರು, ಹೇಳಲಿಲ್ಲ. ನಿಮಗೇ ಮೊದಲು ಹೇಳುತ್ತಿದ್ದೇನೆ.