ಸುಟ್ಟ ಫ್ರಿಜ್ಜಿನ ರೊಟ್ಟಿ

ರೀ,

ನಾನು ಮತ್ತೆ ಕರೆಂಟ್ ಆಫೀಸಿಗೆ ಹೊರಟೆ. ನಿಮ್ಮನ್ನು ಎಬ್ಬಿಸಲಿಲ್ಲ. ಎದ್ದಿದ್ದರೆ "ಹೋಗಿ ಏನ್ ಮಾಡ್ತಿ, ಬಿಡು" ಅನ್ನುತ್ತಿದ್ದಿರಿ.

ಹಾಲನ್ನು ಮಧ್ಯಾಹ್ನ ಇನ್ನೊಮ್ಮೆ ಕಾಯಿಸಿ, ಇಲ್ಲದಿದ್ದರೆ ಒಡೆಯುತ್ತದೆ. ಹೋದ ಕರೆಂಟು ಒಮ್ಮೆಲೇ ಜೋರಾಗಿ ಬಂದು ಫ್ರಿಜ್ ಸುಟ್ಟ ಮೇಲೆ ನಾನು ದಿನಾ ಮಾಡುತ್ತಿರುವುದು ಇದನ್ನೇ.

ನಿನ್ನೆ ನೀವು ಅಂಗಡಿಯಲ್ಲಿದ್ದಾಗ ಪರಿಹಾರಕ್ಕೆಂದು ಆಫೀಸಿನವನೊಬ್ಬ ಫ್ರಿಜ್ ನೋಡಲು ಬಂದಿದ್ದ. ಬಾಗಿಲು ತೆಗೆದರೆ ಒಳಗೆ ಅತ್ತೆಯವರು ಒಟ್ಟಿದ್ದ ಖಡಕ್ ರೊಟ್ಟಿ, ಗುರೆಳ್ಳು ಪುಡಿ. "ನೋಡ್ರಿ ಸಾಹೇಬ್ರ, ಇದರಾಗ ಇಟ್ರ ಒಂದ್ ಇರುವಿ ಮುಟ್ಟಂಗಿಲ್ಲ" ಎಂದು ಅತ್ತೆಯವರು ಅವನಿಗೇ ಎರಡು ರೊಟ್ಟಿ ಕೊಟ್ಟರು. ಆತ ತಿಂದು, ಕೈ ತೊಳೆದುಕೊಂಡು, "ಫ್ರಿಜ್ ಉಪಯೋಗದಲ್ಲಿದೆ" ಎಂದು ಬರೆದುಕೊಂಡು ಹೋದ.

ಅತ್ತೆಯವರಿಗೆ ಏನೂ ಅನ್ನಬೇಡಿ. ಮನೆಗೆ ಬಂದವರನ್ನು ಸುಮ್ಮನೆ ಕಳಿಸಿ ಅವರಿಗೆ ರೂಢಿಯಿಲ್ಲ.

ಇನ್ನೊಮ್ಮೆ ಬಂದು ನೋಡಿ ಎಂದು ಕೇಳುತ್ತೇನೆ. ಬರುವುದಿಲ್ಲ, ನನಗೂ ಗೊತ್ತು. ಆದರೂ ನನ್ನ ತವರಿನವರು ಕೊಟ್ಟೂರಿನಿಂದ ಟೆಂಪೋದಲ್ಲಿ ತಂದು ಇಳಿಸಿದ ಫ್ರಿಜ್ ಅದು. ಕೇಳದೆ ಬಿಡಲು ಮನಸ್ಸಾಗುತ್ತಿಲ್ಲ.

ಯಾರಾದರೂ ಬಂದರೆ ಖಾಲಿ ಕಾಣಲಿ ಎಂದು ನಿನ್ನೆಯೇ ರೊಟ್ಟಿಯನ್ನೆಲ್ಲ ತೆಗೆದು ಬುಟ್ಟಿಗೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಬುಟ್ಟಿ ತುಂಬ ಇರುವೆ. ಒಂದೊಂದೇ ಕೊಡವಿ, ನಾನೇ ಮತ್ತೆ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ನಿಮ್ಮ ಊಟಕ್ಕೂ ಅಲ್ಲಿಂದಲೇ ತೆಗೆದುಕೊಳ್ಳಿ. ಬಾಗಿಲು ಸರಿಯಾಗಿ ಹಾಕಿ.

ಸುಕನ್ಯಾ