ಬೇಸ್ ನಿಂತ ಹಾಡು

ಅಮ್ಮಾ, ಇವತ್ತು ಮಧ್ಯಾಹ್ನ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ ನಮ್ಮ ಬ್ಯಾಂಡ್ ನುಡಿಸುತ್ತಿದ್ದಾಗ ನನ್ನ ಬೇಸ್ ಗಿಟಾರಿನ ಆಂಪ್ ಕೈಕೊಟ್ಟು, ಅದರ ತಗ್ಗು ದನಿ ನಿಂತೇಹೋಯಿತು. ಹಾಡು, ಡ್ರಮ್ಸ್ ಎಲ್ಲ ನಡೆದೇ ಇತ್ತು. ಆದರೂ ಕುಣಿಯುತ್ತಿದ್ದವರ ಕಾಲುಗಳು ತಡವರಿಸಿದವು. ಮುಂದೆ ಕೂತಿದ್ದ ಅಜ್ಜಿಯೊಬ್ಬರು, "ಹಾಡು ಯಾಕೋ ಟೊಳ್ಳಾಯ್ತಲ್ಲ" ಅಂದರು. ನಾನು ಗಿಟಾರಿನ ವೈರನ್ನು ನೇರವಾಗಿ ಸೌಂಡ್ ಮಿಕ್ಸರಿಗೆ ಚುಚ್ಚಿದೆ. ಅಜ್ಜಿ ಎದೆಯ ಮೇಲೆ ಕೈಯಿಟ್ಟು, "ಹಾಂ, ಈಗ ಬಂತು" ಅಂದರು.

ನೀನು ಒಂದೇ ಒಂದು ಸಲ ನನ್ನ ಕಾರ್ಯಕ್ರಮಕ್ಕೆ ಬಂದಿದ್ದೆ. "ಅಷ್ಟೂ ಸದ್ದಲ್ಲಿ ನಿಂದ್ಯಾವ್ದು ಅಂತ ಗೊತ್ತೇ ಆಗ್ಲಿಲ್ಲ ಕಣೋ" ಅಂದಿದ್ದೆ. "ಮನೆಗೆ ಬಂದು ತೋರಿಸ್ತೀನಿ" ಅಂದಿದ್ದೆ ನಾನು. ಅಷ್ಟರಲ್ಲಿ ನೀನೇ ಇಲ್ಲವಾದೆ.

ಹಾಡೆಲ್ಲ ಮುಗಿದ ಮೇಲೆ ಆ ಅಜ್ಜಿಯನ್ನು ಕರೆದು, ಅವರ ಬೆರಳನ್ನು ದಪ್ಪ ತಂತಿಯ ಮೇಲಿಟ್ಟು ಮೀಟಿಸಿದೆ.

"ಇದಮ್ಮಾ ನಂದು" ಅಂದೆ.

ತಮಗೇ ಹೇಳಿದೆ ಅಂದುಕೊಂಡು ಅವರು ತಲೆಯಾಡಿಸಿದರು.